ಪದವಿಯೂ ಪದವೂ: ಸಣ್ಣ ಕಾಲೇಜಿನಲ್ಲಿ ಜೀವಶಾಸ್ತ್ರ

(ಉಡುಪಿ ಜಿಲ್ಲೆಯ ಒಂದು ಪ್ರಥಮ ದರ್ಜೆ ಕಾಲೇಜಿನ ವಿಜ್ಞಾನ ಸಂಘದ ಉದ್ಘಾಟನೆಯ ದಿನ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದಿದ್ದ ಪುನರುಕ್ತಿಗಳನ್ನು ತೆಗೆದು, ಗಡಿಬಿಡಿಯಲ್ಲಿ ಬಿಟ್ಟುಹೋಗಿದ್ದ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ.)

ವೇದಿಕೆಯ ಮೇಲಿನ ಹಿರಿಯರೇ, ಅಧ್ಯಾಪಕ ಮಿತ್ರರೇ, ಮಳೆಯಲ್ಲಿ ನೆನೆದು ಬಂದು ಫ್ಯಾನಿನ ಕೆಳಗಿನ ಬೆಂಚುಗಳನ್ನೇ ಹುಡುಕಿ ಕುಳಿತಿರುವ ಪ್ರಥಮ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಗಳೇ,

ನಮ್ಮ ಕರಾವಳಿಯ ಕನ್ನಡದಲ್ಲಿ ಒಂದು ಚಮತ್ಕಾರವಿದೆ. ‘ಪದವಿ’ ಎಂಬ ಶಬ್ದಕ್ಕೂ ‘ಪದವು’ ಎಂಬ ಶಬ್ದಕ್ಕೂ ಚತುರ್ಥೀ ವಿಭಕ್ತಿಯನ್ನು ಹಚ್ಚಿದರೆ ಎರಡೂ ‘ಪದವಿಗೆ’ ಎಂದೇ ಆಗುತ್ತವೆ. ಮೊದಲನೆಯದು ನೀವು ಈಗ ಸೇರಿರುವ ಕೋರ್ಸು. ಎರಡನೆಯದು ಊರಿನ ಮೇಲ್ಗಡೆ ಚಪ್ಪಟೆಯಾಗಿ ಹಬ್ಬಿಕೊಂಡಿರುವ, ಬೇಸಿಗೆಯಲ್ಲಿ ಕಾದ ಕಾವಲಿಯಂತೆ ಸುಡುವ, ಮಳೆಗಾಲದಲ್ಲಿ ಹುಲ್ಲು ಚಿಗುರಿ ನೀರು ನಿಲ್ಲುವ ಮುರಕಲ್ಲಿನ (ಜಂಬಿಟ್ಟಿಗೆಯ) ಬಯಲು. ಮಂಗಳೂರಿನ ಪದವಿನಂಗಡಿ ಎಂಬ ಊರಿನ ಹೆಸರಿನಲ್ಲಿ ಉಳಿದುಕೊಂಡಿರುವುದು ಇದೇ ಪದವು. ‘ಮಗ ಪದವಿಗೆ ಹೋಗಿದ್ದಾನೆ’ ಎಂದರೆ ಕಾಲೇಜಿಗೆ ಹೋಗಿದ್ದಾನೋ ದನ ಅಟ್ಟಿಕೊಂಡು ಗುಡ್ಡೆಗೆ ಹೋಗಿದ್ದಾನೋ ಎಂದು ಹಿಂದಿನವರು ಕೇಳಿ ತಿಳಿದುಕೊಳ್ಳಬೇಕಾಗಿತ್ತು. ಸಣ್ಣ ಕಾಲೇಜೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಸ್ಯಶಾಸ್ತ್ರವನ್ನು ಕಲಿಸಿದ ನನಗೆ ಈ ಎರಡು ಶಬ್ದಗಳನ್ನು ಬೇರೆ ಬೇರೆ ಮಾಡುವ ಅಗತ್ಯ ಕಂಡಿಲ್ಲ. ಇಂದು ಹೇಳಬೇಕೆಂದಿರುವುದೂ ಅಷ್ಟೇ. ಸಣ್ಣ ಊರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಓದುವವನಿಗೆ ಕೊರತೆಗಳು ಹಲವು ಇವೆ. ಆದರೆ ಒಂದೇ ಜಾಗಕ್ಕೆ ಮೂರು ವರ್ಷ ಮತ್ತೆ ಮತ್ತೆ ಹೋಗಿ ನೋಡುವ ಅನುಕೂಲವೊಂದು ಅವನಿಗೆ ಇದೆ, ಮತ್ತು ಬಹಳ ಜನ ಅದನ್ನು ಬಳಸಿಕೊಳ್ಳದೆಯೇ ಪ್ರಮಾಣಪತ್ರ ಹಿಡಿದು ಹೊರಡುತ್ತಾರೆ.

ಮೊದಲು ಎಲ್ಲರ ಮನಸ್ಸಿನಲ್ಲಿರುವ, ಯಾರೂ ವೇದಿಕೆಯಲ್ಲಿ ಹೇಳದ ಮಾತನ್ನು ಹೇಳಿಬಿಡುತ್ತೇನೆ. ನಿಮ್ಮಲ್ಲಿ ಅನೇಕರು ಇಲ್ಲಿಗೆ ಬಂದದ್ದು ನೀಟ್ ಪರೀಕ್ಷೆಯಲ್ಲಿ ಸೀಟು ಸಿಗಲಿಲ್ಲವೆಂಬ ಕಾರಣಕ್ಕೆ. ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರು ‘ಏನು ಓದುತ್ತಿದ್ದೀ ಮಗಾ?’ ಎಂದು ಕೇಳುತ್ತಾರೆ, ನೀವು ಬಿ.ಎಸ್ಸಿ. ಎಂದಾಗ ಸ್ವಲ್ಪ ತಡೆದು, ‘ಮೆಡಿಕಲ್ ಆಗಲಿಲ್ಲವಾ?’ ಎಂದು ಸಾಂತ್ವನದ ಧ್ವನಿಯಲ್ಲಿ ವಿಚಾರಿಸುತ್ತಾರೆ. ನನ್ನ ಕಾಲದಲ್ಲೂ ಇದೇ ಪ್ರಶ್ನೆ ಇತ್ತು, ಪರೀಕ್ಷೆಯ ಹೆಸರು ಬೇರೆ ಇತ್ತು. ಈ ಪ್ರಶ್ನೆಗೆ ಜಾಣತನದ ಉತ್ತರವನ್ನು ಹುಡುಕುವುದರಲ್ಲಿ ಮೊದಲ ವರ್ಷವನ್ನು ಕಳೆಯಬೇಡಿ. ವೈದ್ಯಶಾಸ್ತ್ರ ಒಂದೇ ಒಂದು ಪ್ರಾಣಿಯ ಕಥೆ. ನಿಮ್ಮ ಪಠ್ಯದಲ್ಲಿ ಉಳಿದವೂ ಇವೆ.

ಪಠ್ಯಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಕಡೆಯ ಬಹುತೇಕ ಕಾಲೇಜುಗಳು 1980ರಲ್ಲಿ ಆರಂಭವಾದ ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದವು. ಅದಕ್ಕೂ ಮೊದಲು ಮೈಸೂರು, ಅದಕ್ಕೂ ಮೊದಲು ಮದರಾಸು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಸಿಬಿಝಡ್ ಎಂಬ ಮೂರರ ಕಟ್ಟು 2021ರಲ್ಲಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಎರಡರ ಕಟ್ಟಾಯಿತು. 2024ರಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟಾಗ ಮತ್ತೆ ಮೂರು ವರ್ಷ, ಮೂರು ವಿಷಯ. ಈ ಬದಲಾವಣೆಗಳ ನಡುವೆ ಸಿಕ್ಕಿಕೊಂಡ ತಂಡಗಳ ಪಾಡು ಅಧ್ಯಾಪಕರಿಗೆ ಗೊತ್ತು. ಕಪ್ಪೆಗಾಗಲಿ ಮಳೆಗಾಗಲಿ ಇದರಿಂದ ಏನೂ ಆಗಿಲ್ಲ.

ಈಗ ಪದವಿಗೆ ಹೋಗೋಣ, ಎರಡನೆಯ ಅರ್ಥದಲ್ಲಿ. ಮುರಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನು 1807ರಲ್ಲಿ ಬಳಕೆಗೆ ತಂದವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಡಿಪುರದ ಹತ್ತಿರ ಜನರು ನೆಲದಿಂದ ಈ ಕಲ್ಲನ್ನು ಕತ್ತರಿಸಿ ಮನೆ ಕಟ್ಟುವುದನ್ನು ನೋಡಿ, ಇಟ್ಟಿಗೆಗೆ ಲ್ಯಾಟಿನಿನಲ್ಲಿ ಇರುವ ಶಬ್ದದಿಂದ ಅವನು ಈ ಹೆಸರನ್ನು ಮಾಡಿಕೊಂಡ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಇಷ್ಟು ನೀರು ಕಾಲಕಾಲಕ್ಕೆ ತೊಳೆದುಕೊಂಡು ಹೋದ ಮೇಲೆ ಪದವಿನ ತೆಳುಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯುತ್ತವೆ. ಸಾರಜನಕ, ರಂಜಕಗಳಂಥ ಪೋಷಕಾಂಶಗಳು ಉಳಿಯುವುದಿಲ್ಲ. ಆದುದರಿಂದ ಅಲ್ಲಿ ಬೆಳೆಯುವ ಗಿಡಗಳಿಗೆ ಮೂರು ಕಷ್ಟ: ನಾಲ್ಕು ತಿಂಗಳು ಬೇರು ನೀರಿನಲ್ಲಿ ಮುಳುಗಿರುತ್ತದೆ, ಎಂಟು ತಿಂಗಳು ನೆಲ ಕಲ್ಲಾಗಿರುತ್ತದೆ, ನೀರಿರುವ ನಾಲ್ಕು ತಿಂಗಳಲ್ಲೂ ಮಣ್ಣಿನಲ್ಲಿ ತಿನ್ನುವುದಕ್ಕೆ ಏನೂ ಇಲ್ಲ.

ಇಂಥ ನೆಲದಲ್ಲಿ ಕೆಲವು ಗಿಡಗಳು ಮಣ್ಣನ್ನು ಬಿಟ್ಟು ಹುಳುಗಳ ಮೇಲೆ ಬದುಕನ್ನು ಕಟ್ಟಿಕೊಂಡಿವೆ. ಡ್ರಾಸೆರಾ ಇಂಡಿಕಾ ಎಂಬ ಗಿಡ ಸರಿಯಾಗಿ ಹುಡುಕಿದರೆ ನಿಮ್ಮ ಚಪ್ಪಲಿಯ ಪಕ್ಕದಲ್ಲೇ ಸಿಗುತ್ತದೆ. ಅದರ ದಾರದಂಥ ಎಲೆಗಳ ತುಂಬ ಕೆಂಪು ರೋಮಗಳು, ಪ್ರತಿಯೊಂದು ರೋಮದ ತುದಿಯಲ್ಲಿ ಒಂದು ಅಂಟು ಹನಿ. ಮಧ್ಯಾಹ್ನ ಬಿಸಿಲು ಬಂದ ಮೇಲೂ ಆರದ ಇಬ್ಬನಿಯಂತೆ ಕಾಣುತ್ತದೆ. ಅದಕ್ಕಿಂತಲೂ ಮೋಸಗಾರ ಗಿಡ ಯುಟ್ರಿಕ್ಯುಲೇರಿಯಾ. ಮೇಲುನೋಟಕ್ಕೆ ಗೇಣುದ್ದದ ನೂಲಿನಂಥ ದಂಟು, ಅದರ ತುದಿಯಲ್ಲಿ ಒಂದೆರಡು ನೀಲಿ ಅಥವಾ ಹಳದಿ ಹೂ, ಮತ್ತೇನಿಲ್ಲ. ಗಡಿಯಾಚೆ ಕೇರಳದವರು ಓಣಂ ಹೂವಿನ ರಂಗೋಲಿಗೆ ಕೊಯ್ಯುವ ‘ಕಾಕ್ಕಪ್ಪೂವು’ ಇದೇ ಕುಲದ್ದು. ಅದರ ಬೇಟೆ ನಡೆಯುವುದು ಕೆಸರಿನೊಳಗೆ, ನಮಗೆ ಕಾಣದ ಕಡೆ.

ಒಮ್ಮೆ ದ್ವಿತೀಯ ವರ್ಷದ ಹುಡುಗಿಯೊಬ್ಬಳು ತನ್ನ ಬುತ್ತಿಯ ಡಬ್ಬಿಯಲ್ಲಿ, ಊಟ ಮುಗಿದ ಮೇಲೆ, ಅಂಗೈಯಗಲದ ಒಂದು ಹೆಂಟೆಯನ್ನು ತಂದಳು. ಅದರ ಮೇಲೆ ಐದಾರು ನೀಲಿ ಹೂಗಳಿದ್ದವು. ಗಿಡವನ್ನು ಕಿತ್ತು ತಂದಿದ್ದರೆ ನೋಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ; ಮಣ್ಣು ಸಮೇತ ತರಬೇಕೆಂದು ಅವಳಿಗೆ ಹೇಗೆ ಹೊಳೆಯಿತೋ ತಿಳಿಯದು. ಹೆಂಟೆಯನ್ನು ಪೆಟ್ರಿ ತಟ್ಟೆಯಲ್ಲಿಟ್ಟು, ಡ್ರಾಪರಿನಿಂದ ಹನಿ ಹನಿ ನೀರು ಬಿಟ್ಟು, ಮಣ್ಣು ತಾನಾಗಿ ಕರಗಿ ಹೋಗುವಂತೆ ಮಾಡುವುದಕ್ಕೆ ಅವಳಿಗೆ ಎರಡು ಪೀರಿಯಡ್ ಬೇಕಾಯಿತು. ಕೊನೆಗೆ ಡಿಸೆಕ್ಷನ್ ಮೈಕ್ರೋಸ್ಕೋಪಿನ ಕೆಳಗೆ ಕೂದಲಿಗಿಂತ ತೆಳುವಾದ ಬಿಳಿ ಎಳೆಗಳು, ಎಳೆಗಳಲ್ಲಿ ಅಲ್ಲಲ್ಲಿ ಸಾಸಿವೆಗಿಂತಲೂ ಚಿಕ್ಕ ಪಾರದರ್ಶಕ ಚೀಲಗಳು ಕಂಡವು. ಒಂದು ಚೀಲದೊಳಗೆ ಏನೋ ಮಿಸುಕಾಡುತ್ತಿತ್ತು. ಅಂದು ಸಂಜೆ ಬಸ್ಸು ತಪ್ಪಿದರೂ ಅವಳು ಎದ್ದಿರಲಿಲ್ಲ. ಲ್ಯಾಬಿನ ಅಟೆಂಡರರು ಬೀಗದ ಗೊಂಚಲನ್ನು ಹಿಡಿದುಕೊಂಡು ನಿಂತು, ಆಮೇಲೆ ತಾವೂ ಒಮ್ಮೆ ಕಣ್ಣಿಟ್ಟು ನೋಡಿ, ಬೀಗವನ್ನು ಮೇಜಿನ ಮೇಲಿಟ್ಟರು.

ಆ ಚೀಲ ಕೆಲಸ ಮಾಡುವ ಬಗೆ ಹೀಗಿದೆ. ಚೀಲದ ಗೋಡೆಯಲ್ಲಿರುವ ಗ್ರಂಥಿಗಳು ಒಳಗಿನ ನೀರನ್ನು ನಿಧಾನವಾಗಿ ಹೊರಕ್ಕೆ ಹಾಕುತ್ತವೆ. ಒಳಗೆ ಒತ್ತಡ ಕಡಿಮೆಯಾಗಿ ಗೋಡೆ ಒಳಕ್ಕೆ ಕುಗ್ಗುತ್ತದೆ, ಒತ್ತಿ ಹಿಡಿದ ಡ್ರಾಪರಿನ ರಬ್ಬರು ಗುಂಡಿನಂತೆ. ಬಾಗಿಲಿನ ಹೊರಗಿರುವ ರೋಮಕ್ಕೆ ಒಂದು ಸೂಕ್ಷ್ಮಜೀವಿ ತಗುಲಿದರೆ ಬಾಗಿಲು ತೆರೆಯುತ್ತದೆ, ಕುಗ್ಗಿದ ಗೋಡೆ ಹಿಗ್ಗುತ್ತದೆ, ನೀರಿನೊಂದಿಗೆ ಜೀವಿಯೂ ಒಳಕ್ಕೆ ಸೆಳೆಯಲ್ಪಡುತ್ತದೆ. ಈ ಕುಲದ ನೀರಿನಲ್ಲಿ ಬೆಳೆಯುವ ಪ್ರಭೇದಗಳಲ್ಲಿ ಹೈಸ್ಪೀಡ್ ಕ್ಯಾಮೆರಾ ಇಟ್ಟು ಅಳೆದಾಗ, ಈ ಸೆಳೆತಕ್ಕೆ ಬೇಕಾಗುವ ಸಮಯ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಎಂದು ತಿಳಿದುಬಂದಿದೆ.

ಇಲ್ಲಿ ಒಂದು ಕಥೆಯನ್ನು ಹೇಳಲೇಬೇಕು. ಚಾರ್ಲ್ಸ್ ಡಾರ್ವಿನ್ ಕೀಟಾಹಾರಿ ಸಸ್ಯಗಳ ಬಗ್ಗೆ 1875ರಲ್ಲಿ ಒಂದು ಪುಸ್ತಕ ಪ್ರಕಟಿಸಿದನು. ಅದರಲ್ಲಿ ಡ್ರಾಸೆರಾದ ಬಗ್ಗೆ ಅವನು ಮಾಡಿದ ಪ್ರಯೋಗಗಳನ್ನು ಇಂದಿಗೂ ಮೆಚ್ಚಬೇಕು. ಆದರೆ ಯುಟ್ರಿಕ್ಯುಲೇರಿಯಾದ ಚೀಲದ ವಿಷಯದಲ್ಲಿ ಅವನು ಎಡವಿದ: ಪ್ರಾಣಿಗಳೇ ತಲೆಯಿಂದ ಬಾಗಿಲನ್ನು ದೂಡಿಕೊಂಡು ಒಳಗೆ ಹೋಗುತ್ತವೆ ಎಂದುಕೊಂಡ. ಅಮೆರಿಕದ ನ್ಯೂಜೆರ್ಸಿಯಲ್ಲಿ ಮೇರಿ ಟ್ರೀಟ್ ಎಂಬ ಮಹಿಳೆ, ಯಾವ ವಿಶ್ವವಿದ್ಯಾಲಯದ ಹುದ್ದೆಯೂ ಇಲ್ಲದೆ, ತನ್ನ ಮನೆಯಲ್ಲಿ ಮೈಕ್ರೋಸ್ಕೋಪಿನ ಮುಂದೆ ದಿನಗಟ್ಟಲೆ ಕುಳಿತು ಆ ಚೀಲವನ್ನು ನೋಡಿದಳು. ಜೀವಿಯು ದೂಡಿಕೊಂಡು ಹೋಗುವುದಲ್ಲ, ಕಣ್ಣಿಗೆ ಕಾಣದ ವೇಗದಲ್ಲಿ ಒಳಕ್ಕೆ ಎಳೆಯಲ್ಪಡುತ್ತದೆ ಎಂಬುದನ್ನು ಗುರುತಿಸಿದಳು. ಅವಳಿಗೂ ಡಾರ್ವಿನ್ನನಿಗೂ ಪತ್ರವ್ಯವಹಾರವಿತ್ತು, ತನ್ನ ಪುಸ್ತಕದಲ್ಲಿ ಅವನು ಅವಳ ಹೆಸರನ್ನು ಗೌರವದಿಂದ ಎತ್ತಿದ್ದಾನೆ. ಬುತ್ತಿಯ ಡಬ್ಬಿಯ ಹುಡುಗಿಗೆ ನಾನು ಈ ಕಥೆಯನ್ನು ಹೇಳಿದ್ದು ಒಂದು ವಾರದ ನಂತರ. ಮೊದಲೇ ಹೇಳಿದ್ದರೆ ಅವಳು ಚೀಲದ ಬದಲು ಕಥೆಯನ್ನೇ ನೋಡುತ್ತಿದ್ದಳೋ ಏನೋ.

ಪದವಿನಿಂದ ಇಳಿದು ಅಡಿಗೆಮನೆಗೆ ಬರುತ್ತೇನೆ. ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವ ಪ್ರಯೋಗಗಳನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ 2011ರಿಂದ ಹಂತಹಂತವಾಗಿ ಕಡಿಮೆ ಮಾಡಿಸಿ, 2014ರಲ್ಲಿ ಪೂರ್ತಿ ನಿಲ್ಲಿಸಲು ಸೂಚಿಸಿತು. ಒಂದೊಂದು ಬ್ಯಾಚಿಗೆ ಬಕೆಟ್ಟುಗಟ್ಟಲೆ ಕಪ್ಪೆಗಳನ್ನು ತರಿಸುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಅದು ನಿಂತದ್ದು ಒಳ್ಳೆಯದೇ ಆಯಿತು. ಆದರೆ ಅದರ ಬದಲಿಗೆ ಬಂದ ಚಾರ್ಟು ಮತ್ತು ವಿಡಿಯೋಗಳಲ್ಲಿ ಹೃದಯ ಯಾವಾಗಲೂ ಕೆಂಪು, ಯಕೃತ್ತು ಯಾವಾಗಲೂ ಕಂದು, ಯಾವುದೂ ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ. ಕರಾವಳಿಯ ವಿದ್ಯಾರ್ಥಿಗೆ ಈ ನಷ್ಟವನ್ನು ತುಂಬಿಕೊಳ್ಳುವ ದಾರಿ ಮನೆಯಲ್ಲೇ ಇದೆ. ಹೇಗೂ ಸಾರಿಗೆಂದು ತಂದ ಬಂಗುಡೆಯನ್ನು ಅಮ್ಮ ಮೆಟ್ಟುಗತ್ತಿಯಲ್ಲಿ ಹೆಚ್ಚುವ ಮೊದಲು ಹತ್ತು ನಿಮಿಷ ನಿಮ್ಮ ಕೈಗೆ ಕೊಡಲಿ. ಕಿವಿರಿನ ಮುಚ್ಚಳವನ್ನು ಎತ್ತಿ. ಹೊರಬದಿಯಲ್ಲಿ ಉಸಿರಾಟದ ಕೆಂಪು ಎಸಳುಗಳು. ಒಳಬದಿಯಲ್ಲಿ, ಬಾಯಿಯ ಕಡೆಗೆ, ಹಕ್ಕಿಯ ಗರಿಯಂಥ ಉದ್ದನೆಯ ಬಾಚಣಿಗೆ. ನೀರು ಹೋಗಲಿ, ನೀರಿನಲ್ಲಿ ತೇಲುವ ಪ್ಲವಕಗಳು ಉಳಿಯಲಿ ಎಂದು ಇರುವ ಜರಡಿ ಅದು. ಬಂಗುಡೆಯಲ್ಲಿ ಅದು ಎಷ್ಟು ಉದ್ದವೆಂದರೆ ಬಾಯಿ ತೆರೆದರೂ ಸಾಕು, ಹೊರಗಿನಿಂದಲೇ ಕಾಣುತ್ತದೆ.

ಹೋಳು ಮಾಡಿದ ಮೇಲೂ ಪಾಠ ಮುಗಿಯುವುದಿಲ್ಲ. ಬಂಗುಡೆಯ ಹೋಳಿನ ಎರಡೂ ಪಕ್ಕದಲ್ಲಿ, ಚರ್ಮದ ಕೆಳಗೆ, ಕಡುಗೆಂಪು ಮಾಂಸದ ಒಂದು ಪಟ್ಟಿ ಇರುತ್ತದೆ. ಕಾಣೆ ಮೀನಿನ ಮಾಂಸ ಬೆಳ್ಳಗೆ. ಒಂದೇ ತಟ್ಟೆಯಲ್ಲಿ ಎರಡನ್ನೂ ಇಟ್ಟುಕೊಂಡು ಉಂಡವರು ಎಷ್ಟೋ ಜನ. ಏಕೆ ಹೀಗೆ ಎಂದು ಕೇಳಿದವರು ಕಡಿಮೆ. ಬಂಗುಡೆ ಹಗಲಿರುಳು ಗುಂಪಿನಲ್ಲಿ ಈಜುತ್ತಲೇ ಇರುವ ಮೀನು. ನಿಲ್ಲದೆ ದುಡಿಯುವ ಸ್ನಾಯುವಿಗೆ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಮಯೋಗ್ಲೋಬಿನ್ ಬೇಕು, ಆ ಕೆಂಪು ಅದರದ್ದು. ಕಾಣೆ ಮರಳುತಳದಲ್ಲಿ ಇರುವ ಮೀನು. ಹೆದರಿದಾಗ ಮರಳಿನೊಳಗೆ ಹುದುಗಿಬಿಡುತ್ತದೆ. ಅದಕ್ಕೆ ಬೇಕಾದದ್ದು ಒಮ್ಮೆಗೇ ಚಿಮ್ಮುವ ಬಲ, ದೂರ ಈಜುವ ತಾಳ್ಮೆಯಲ್ಲ. ಮೀನು ಮುಟ್ಟದ ಮನೆಗಳ ವಿದ್ಯಾರ್ಥಿಗಳು ಬೇಸರಿಸಬೇಕಾಗಿಲ್ಲ, ಹಲಸಿನ ಹಣ್ಣಿದೆ. ನಾವು ಒಂದು ಹಣ್ಣೆಂದು ಕರೆಯುವ ಅದು ನೂರಾರು ಹೂಗಳಿದ್ದ ಒಂದು ಗೊಂಚಲು. ಒಂದೊಂದು ತೊಳೆಯೂ ಫಲಿತ ಹೂವೊಂದರ ದಳಕವಚ, ತೊಳೆಗಳ ನಡುವೆ ನಾವು ಎಳೆದು ಬಿಸಾಡುವ ನಾರಿನಂಥ ಎಸಳುಗಳು ಫಲಿಸದೇ ಹೋದ ಹೂಗಳು. ಯಾವ ಬದಿಯಲ್ಲಿ ತೊಳೆ ಕಡಿಮೆ, ಎಸಳು ಹೆಚ್ಚು ಎಂದು ನೋಡಿದರೆ, ಆ ಬದಿಯಲ್ಲಿ ಪರಾಗಸ್ಪರ್ಶ ಸರಿಯಾಗಿ ಆಗಿಲ್ಲವೆಂದು ಕೈಯಲ್ಲಿ ಎಣ್ಣೆ ಹಚ್ಚಿಕೊಂಡು ಕುಳಿತಲ್ಲೇ ಹೇಳಬಹುದು.

ಹೆಸರುಗಳ ವಿಷಯ ಇಲ್ಲಿಯೇ ಬರುತ್ತದೆ. ವೈಜ್ಞಾನಿಕ ಹೆಸರುಗಳು ಬಾಯಿಪಾಠದ ಹಿಂಸೆ ಎಂದು ಎಲ್ಲ ತಂಡಗಳೂ ನನ್ನಲ್ಲಿ ದೂರಿವೆ. ತುಳುವಿನಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಕೊಂಕಣಿಯಲ್ಲಿ ತಾರ್ಲೆ; ಮೂರೂ ಒಂದೇ ಮೀನು ಎಂದು ನಿಶ್ಚಯವಾಗುವುದು ಸಾರ್ಡಿನೆಲ್ಲಾ ಲಾಂಜಿಸೆಪ್ಸ್ ಎಂದಾಗ. ಇದು ಹೆಸರಿನ ಉಪಯೋಗ. ಆದರೆ ಆ ಹೆಸರುಗಳೆಲ್ಲ ಪರದೇಶದವು ಎಂಬ ಅಭಿಪ್ರಾಯ ಸರಿಯಲ್ಲ. ಬಂಗುಡೆಯ ವೈಜ್ಞಾನಿಕ ಹೆಸರು ರಾಸ್ಟ್ರೆಲ್ಲಿಜರ್ ಕನಗುರ್ತ. ‘ಕನಗುರ್ತ’ ಎಂಬುದು ವಿಶಾಖಪಟ್ಟಣದ ತೆಲುಗು ಬೆಸ್ತರು ಈ ಮೀನನ್ನು ಕರೆಯುತ್ತಿದ್ದ ಹೆಸರು; ಪ್ಯಾಟ್ರಿಕ್ ರಸೆಲ್ ಅದನ್ನು ಕೇಳಿಸಿಕೊಂಡು 1803ರಲ್ಲಿ ಅಚ್ಚು ಮಾಡಿಸಿದ, ಭಾರತವನ್ನು ಕಣ್ಣಿನಲ್ಲೂ ಕಾಣದ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಕುವಿಯೇ ಪ್ಯಾರಿಸಿನಲ್ಲಿ ಕುಳಿತು ಅದನ್ನೇ ಉಳಿಸಿಕೊಂಡ. ದೇವಸ್ಥಾನದ ಅಂಗಳದಲ್ಲಿ ನಸುಕಿನಲ್ಲಿ ಹೂ ಉದುರಿಸುವ ರೆಂಜೆ ಮರ ಮಿಮುಸಾಪ್ಸ್ ಎಲೆಂಗಿ. ‘ಎಲೆಂಗಿ’ ಮಲಯಾಳದ ಶಬ್ದ. ಅದು ಈ ಎರಡು ಪದದ ಹೆಸರಿನ ಪದ್ಧತಿಯನ್ನು ರೂಢಿಗೆ ತಂದ ಲಿನೇಯಸ್ಸಿನ ಕೈಗೆ ಸಿಕ್ಕಿದ್ದು ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 12 ಸಂಪುಟಗಳಲ್ಲಿ ಹೊರತಂದ ‘ಹೋರ್ಟಸ್ ಮಲಬಾರಿಕಸ್’ನಿಂದ, ಆ ಸಂಪುಟಗಳಿಗೆ ಗಿಡಗಳ ತಿಳಿವನ್ನು ಕೊಟ್ಟವರಲ್ಲಿ ಮುಖ್ಯನಾದವನು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯ. ಮಂಗಳೂರಿನ ಕೈಗಾರಿಕಾ ಪ್ರದೇಶವೊಂದರಿಂದ 2018ರಲ್ಲಿ ಹೊಸದಾಗಿ ವಿವರಿಸಲ್ಪಟ್ಟ, ಬೆರಳ ತುದಿಯಷ್ಟು ಪುಟ್ಟ ಕಪ್ಪೆಯ ಹೆಸರು ಮೈಕ್ರೋಹೈಲಾ ಕೊಡಿಯಾಲ್. ಕೊಡಿಯಾಲ್ ಎಂದರೆ ಕೊಂಕಣಿಯಲ್ಲಿ ಮಂಗಳೂರು. ಘಟ್ಟದ ಕಾಡಿನಲ್ಲಿ ಅಲ್ಲ, ಲಾರಿಗಳು ಓಡಾಡುವ ಊರಿನೊಳಗೆ ಅದು ಅಷ್ಟು ಕಾಲ ಹೆಸರಿಲ್ಲದೆ ಇತ್ತು.

ಇನ್ನೊಂದು ಕಪ್ಪೆ ಯೂಫ್ಲಿಕ್ಟಿಸ್ ಅಲೋಶಿಯೈ. 2009ರಲ್ಲಿ ಮಂಗಳೂರಿನ ಪರಿಸರದಿಂದ ವಿವರಿಸಲ್ಪಟ್ಟ ಇದಕ್ಕೆ ಸಂತ ಅಲೋಶಿಯಸ್ ಕಾಲೇಜಿನ ಹೆಸರನ್ನು ಇಟ್ಟಿದ್ದಾರೆ. ಅಲೋಶಿಯಸ್ 1880ರಲ್ಲಿ ಆರಂಭವಾದದ್ದು, ಅದನ್ನು ಸಣ್ಣ ಕಾಲೇಜೆಂದರೆ ಅಲ್ಲಿನವರು ಸುಮ್ಮನಿರಲಾರರು. ಆದರೂ ಒಂದು ಕಾಲೇಜಿನ ಹೆಸರನ್ನು ಕಪ್ಪೆಯೊಂದು ಹೊತ್ತು ತಿರುಗುವುದನ್ನು ನೆನೆದಾಗ ನನಗೆ ಸಂತೋಷವಾಗುತ್ತದೆ. ನಮ್ಮ ಉಡುಪಿಗೆ ಇನ್ನೂ ಹತ್ತಿರದ ಉದಾಹರಣೆ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಕಲಿಸಿದ ಡಾ. ಕೆ. ಗೋಪಾಲಕೃಷ್ಣ ಭಟ್ಟರದು. ಪದವಿ ಕಾಲೇಜಿನ ಅಧ್ಯಾಪಕರಾಗಿದ್ದುಕೊಂಡು ಈ ಊರುಗಳ ಗಿಡಮರಗಳನ್ನು ಗುರುತಿಸಿ, ಒರೆಹಚ್ಚಿ, ‘ಫ್ಲೋರಾ ಆಫ್ ಉಡುಪಿ’ ಎಂಬ ಗ್ರಂಥವನ್ನು ಅವರು 2003ರಲ್ಲಿ ಪ್ರಕಟಿಸಿದರು. ಗದ್ದೆಯ ಬದುವಿನಲ್ಲಿ ಸಿಕ್ಕಿದ ಹುಲ್ಲಿಗೆ ಹೆಸರು ಬೇಕೆಂದಾಗ ನಾನು ಮೊದಲು ಬಿಡಿಸುವುದು ಇಂದಿಗೂ ಅದನ್ನೇ. ಇಂಥ ಕೆಲಸಕ್ಕೆ ಬೇಕಾದದ್ದು ಕೋಟಿ ರೂಪಾಯಿಯ ಯಂತ್ರವಲ್ಲ, ಒಂದೇ ಊರಿನಲ್ಲಿ ಇದ್ದು ಮಾಡಿದ ದೀರ್ಘಕಾಲದ ತಿರುಗಾಟ.

ಹಾಗಾದರೆ ನಮ್ಮ ಸಣ್ಣ ಕಾಲೇಜುಗಳಲ್ಲಿ ಇದು ಏಕೆ ಹೆಚ್ಚು ಆಗುವುದಿಲ್ಲ? ಉಪಕರಣಗಳಿಲ್ಲದ್ದು ಕಾರಣವೆಂದು ಸಾಮಾನ್ಯವಾಗಿ ಹೇಳುತ್ತೇವೆ. ನಾನು ಒಪ್ಪುವುದಿಲ್ಲ. ನನ್ನ ಅನುಭವದಲ್ಲಿ ದೊಡ್ಡ ಅಡ್ಡಿ ರೆಕಾರ್ಡ್ ಪುಸ್ತಕ. ಸೀನಿಯರಿನ ರೆಕಾರ್ಡಿನಿಂದ ಜೂನಿಯರ್, ಆ ಜೂನಿಯರಿನಿಂದ ಅವನ ಜೂನಿಯರ್ ಎಂದು ಚಿತ್ರಗಳು ಇಳಿದು ಬರುತ್ತವೆ. ಎಂಟು ತಲೆಮಾರು ಇಳಿದ ಮೇಲೆ ದಾಸವಾಳದ ಅಂಡಾಶಯದ ಅಡ್ಡಛೇದ ಬೈಸಿಕಲ್ ಚಕ್ರದಂತೆ ಆಗಿರುತ್ತದೆ, ಎದುರಿನ ಕಿಟಕಿಯ ಹೊರಗೆ ದಾಸವಾಳದ ಗಿಡ ಹೂಬಿಟ್ಟು ನಿಂತಿರುತ್ತದೆ.

ನಾನು ವಿದ್ಯಾರ್ಥಿಯಾಗಿದ್ದಾಗ ನಡೆದದ್ದನ್ನು ಹೇಳುತ್ತೇನೆ. ಯಾವ ಕಾಲೇಜು, ಯಾರು ಪರೀಕ್ಷಕರು ಎಂಬುದು ಮುಖ್ಯವಲ್ಲ. ಈರುಳ್ಳಿ ಬೇರಿನ ತುದಿಯಲ್ಲಿ ಕೋಶವಿಭಜನೆಯನ್ನು ತೋರಿಸುವ ಪ್ರಯೋಗ ನಿಮಗೂ ಬರುತ್ತದೆ. ಸಣ್ಣ ಬಾಟಲಿಯ ಬಾಯಿಯ ಮೇಲೆ, ಬುಡ ಮಾತ್ರ ನೀರಿಗೆ ತಗಲುವಂತೆ ಈರುಳ್ಳಿಯನ್ನು ಕೂರಿಸುತ್ತೇವೆ; ಮೂರು ದಿನಕ್ಕೆ ಬೆಳ್ಳಗಿನ ಬೇರು ಬರುತ್ತದೆ. ಬೆಳಗ್ಗೆ ತುದಿಯನ್ನು ಕತ್ತರಿಸಿ, ಆಮ್ಲದಲ್ಲಿ ಬೆಚ್ಚಗೆ ಮಾಡಿ, ಅಸಿಟೋಕಾರ್ಮಿನ್ ಎಂಬ ಬಣ್ಣ ಹಾಕಿ, ಕವರ್‌ಸ್ಲಿಪ್ಪಿನ ಮೇಲೆ ಬ್ಲಾಟಿಂಗ್ ಕಾಗದವನ್ನಿಟ್ಟು, ಪೆನ್ಸಿಲ್ಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಬೇಕು. ಬಲ ಹೆಚ್ಚಾದರೆ ಗಾಜು ಒಡೆಯುತ್ತದೆ, ಕಡಿಮೆಯಾದರೆ ಕೋಶಗಳು ಒಂದರ ಮೇಲೊಂದು ಕುಳಿತು ಏನೂ ತಿಳಿಯುವುದಿಲ್ಲ. ಅಂದು ನನ್ನ ಸ್ಲೈಡು ಚೆನ್ನಾಗಿ ಬಂದಿತ್ತು. ಕಣ್ಣಿಗೆ ಬಿದ್ದ ವೃತ್ತದಲ್ಲಿ ನಲವತ್ತರಷ್ಟು ಕೋಶಗಳು. ಅವುಗಳಲ್ಲಿ ಮೂರು ಮಾತ್ರ ವಿಭಜನೆಯಲ್ಲಿದ್ದವು, ಉಳಿದವುಗಳಲ್ಲಿ ನಡುವೆ ಒಂದು ದುಂಡನೆಯ ಕೋಶಕೇಂದ್ರ, ಅಷ್ಟೆ. ಕಂಡದ್ದನ್ನು ಕಂಡಂತೆಯೇ ಬರೆದೆ. ಪರೀಕ್ಷಕರು ಅದರ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಹಾಕಿ, ‘ಎಲ್ಲ ಹಂತಗಳನ್ನೂ ಬರೆಯಬೇಕು’ ಎಂದು ಷರಾ ಬರೆದು ಅಂಕ ಕಳೆದರು. ಪಕ್ಕದವನು ಸ್ಲೈಡನ್ನು ನೋಡದೆಯೇ ಪುಸ್ತಕದ ನಾಲ್ಕು ಹಂತಗಳನ್ನು ಬಿಡಿಸಿ ಪೂರ್ತಿ ಅಂಕ ಪಡೆದ.

ಬೇಸರ ಅಂಕದ್ದಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಅಂಕದ್ದೂ ಇತ್ತು. ಆದರೆ ಅದಕ್ಕಿಂತ ದೊಡ್ಡ ನಷ್ಟ ಏನೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ನಾನೇ ಕಲಿಸತೊಡಗಿದಾಗ. ನಲವತ್ತರಲ್ಲಿ ಮೂರು ಎಂಬುದೇ ಅಲ್ಲಿನ ಮುಖ್ಯ ಮಾಹಿತಿ. ಕೋಶಗಳು ಒಟ್ಟಿಗೆ ಅಲ್ಲದೆ ತಮ್ಮ ತಮ್ಮ ಪಾಡಿಗೆ ವಿಭಜನೆಗೊಳ್ಳುವಾಗ, ಯಾವುದೇ ಗಳಿಗೆಯಲ್ಲಿ ವಿಭಜನೆಯಲ್ಲಿರುವ ಕೋಶಗಳ ಪಾಲು, ಒಂದು ಕೋಶ ತನ್ನ ಆಯುಸ್ಸಿನಲ್ಲಿ ವಿಭಜನೆಗೆ ಕೊಡುವ ಕಾಲದ ಪಾಲನ್ನು ಸ್ಥೂಲವಾಗಿ ತೋರಿಸುತ್ತದೆ. ಸತ್ತ, ಬಣ್ಣ ಹಚ್ಚಿದ, ಚಲನೆಯಿಲ್ಲದ ಸ್ಲೈಡಿನಿಂದ ಕಾಲವನ್ನು ಅಳೆಯಬಹುದು! ರಥಬೀದಿಯಲ್ಲಿ ಒಮ್ಮೆ ಕಣ್ಣು ಹಾಯಿಸಿ, ಎಷ್ಟು ಜನ ನಿಂತಿದ್ದಾರೆ, ಎಷ್ಟು ಜನ ನಡೆಯುತ್ತಿದ್ದಾರೆ ಎಂದು ಎಣಿಸಿದರೆ ಜನರು ಅಲ್ಲಿ ಹೆಚ್ಚು ಹೊತ್ತು ಏನು ಮಾಡುತ್ತಾರೆಂದು ತಿಳಿಯುವಂತೆ. ನನ್ನ ತರಗತಿಗಳಲ್ಲಿ ಆಮೇಲೆ ಹಂತಗಳ ಚಿತ್ರ ಬರೆಸುವ ಮೊದಲು ನೂರು ಕೋಶಗಳನ್ನು ಎಣಿಸಿ ಬರೆಯಿರಿ ಎನ್ನುತ್ತಿದ್ದೆ. ಅದಕ್ಕೆ ಸಿಲೆಬಸ್ಸಿನ ಅಡ್ಡಿ ಏನೂ ಇರಲಿಲ್ಲ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಕೋರಿಕೆ: ರೆಕಾರ್ಡಿನ ಜೊತೆಗೆ, ಅಂಕವಿಲ್ಲದ, ಎರಡು ರೂಲಿನ ಒಂದು ನೋಟ್‌ಪುಸ್ತಕವನ್ನು ವಿದ್ಯಾರ್ಥಿ ಇಟ್ಟುಕೊಳ್ಳಲಿ. ಅದರಲ್ಲಿ ತಾರೀಖು, ಜಾಗ, ಕಂಡದ್ದು, ಇಷ್ಟೇ ಇರಲಿ. ಭಾಷೆ ಯಾವುದಾದರೂ ಇರಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಠ್ಯದಲ್ಲಿ ಇಂಗ್ಲಿಷು ಎಂದು ಮೂರು ಮೆಟ್ಟಿಲು ಹತ್ತಿ ಬರುವ ಹುಡುಗರು ಮೊದಲ ವರ್ಷದಲ್ಲಿ ಕಂಡದ್ದನ್ನು ಬರೆಯಲಾರದೆ ಮೌನವಾಗುವುದು ಇಂಗ್ಲಿಷ್ ವಾಕ್ಯಕ್ಕೆ ಹೆದರಿ. ಇಂಗ್ಲಿಷ್ ಬೇಕು, ಅದನ್ನು ತಪ್ಪಿಸಿಕೊಳ್ಳುವ ದಾರಿ ಇಲ್ಲ. ಮೂರನೆಯ ವರ್ಷಕ್ಕೆ ಬರುವಷ್ಟರಲ್ಲಿ ಒಂದು ಸಂಶೋಧನಾ ಲೇಖನವನ್ನು ನಿಘಂಟು ಹಿಡಿದಾದರೂ ಓದಿ ಮುಗಿಸುವ ಶಕ್ತಿ ಬರಲೇಬೇಕು. ಆದರೆ ನೋಡುವ ಕೆಲಸ ಆ ದಿನಕ್ಕಾಗಿ ಕಾಯಬೇಕಾಗಿಲ್ಲ.

ಗಿಡಗಳನ್ನು ಒತ್ತಿ ಒಣಗಿಸಿ ಹರ್ಬೇರಿಯಂ ಮಾಡುವ ಬಗ್ಗೆ ಪುಸ್ತಕಗಳಲ್ಲಿ ಬರೆದದ್ದು ನಮ್ಮ ಜುಲೈ ತಿಂಗಳನ್ನು ಕಾಣದವರು ಬರೆದದ್ದು. ವಾರದಲ್ಲಿ ಎರಡು ಬಾರಿ ಕಾಗದವನ್ನು ಬದಲಾಯಿಸಿ ಎನ್ನುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಗಿಡದ ಬದಲು ಬೂಷ್ಟು ಸಿಗುತ್ತದೆ. ಮೊದಲ ಮೂರು ದಿನ ಬೆಳಗ್ಗೆ ಸಂಜೆ ಕಾಗದ ಬದಲಾಯಿಸಬೇಕು. ಪತ್ರಿಕೆಯ ಹಾಳೆಗಳೇ ತೇವವಾಗಿರುವುದರಿಂದ ಅವನ್ನು ಮೊದಲು ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಿಕೊಳ್ಳಬೇಕು. ಬಚ್ಚಲಿನ ಹಂಡೆಯ ಒಲೆ ಇನ್ನೂ ಉಳಿದಿರುವ ಮನೆಗಳಲ್ಲಿ ಅದರ ಮೇಲಿನ ಅಟ್ಟಕ್ಕಿಂತ ಒಳ್ಳೆಯ ಡ್ರೈಯರ್ ಯಾವ ಕಂಪೆನಿಯೂ ಮಾಡಿಲ್ಲ. ನನಗೆ ಇದನ್ನು ಹೇಳಿಕೊಟ್ಟವರು ಪ್ರೊಫೆಸರರಲ್ಲ, ನಮ್ಮ ಲ್ಯಾಬ್ ಅಟೆಂಡರರು; ಅವರ ಮನೆಯಲ್ಲಿ ಅದೇ ಅಟ್ಟದಲ್ಲಿ ಹುಣಸೆಹಣ್ಣು ಒಣಗುತ್ತಿತ್ತು.

ಇಷ್ಟು ಹೇಳಿದ ಮೇಲೆ, ಸಣ್ಣ ಕಾಲೇಜಿಗೆ ಸಾಧ್ಯವಿಲ್ಲದ್ದನ್ನು ಮುಚ್ಚಿಡುವುದು ಸರಿಯಲ್ಲ. ಡಿಎನ್ಎಯನ್ನು ಪ್ರತಿ ಮಾಡುವ ಪಿಸಿಆರ್ ಯಂತ್ರವನ್ನು ಚಿತ್ರದಲ್ಲಿ ಮಾತ್ರ ನೋಡಿ, ಅದರ ಮೂರು ಹಂತಗಳ ಉಷ್ಣಾಂಶಗಳನ್ನು ಬಾಯಿಪಾಠ ಮಾಡಿ ಹತ್ತು ಅಂಕಕ್ಕೆ ಬರೆಯುವುದು ವಿಜ್ಞಾನವಲ್ಲ. ಅಣುಮಟ್ಟದ ಜೀವಶಾಸ್ತ್ರವನ್ನು ಕೈಯಿಂದ ಮಾಡಿಯೇ ಕಲಿಯಬೇಕು, ಮತ್ತು ಅದು ಇಲ್ಲಿ ಆಗದು. ಪೂರ್ಣಾವಧಿ ಅಧ್ಯಾಪಕರು ಕಡಿಮೆ, ಅತಿಥಿ ಉಪನ್ಯಾಸಕರು ವರ್ಷವರ್ಷ ಬದಲಾಗುತ್ತಾರೆ. ಇದು ವಿದ್ಯಾರ್ಥಿಯ ಕೈಯಲ್ಲಿರುವ ವಿಷಯವಲ್ಲ. ವಿದ್ಯಾರ್ಥಿಯ ಕೈಯಲ್ಲಿರುವುದು ರಜೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಪ್ರತಿವರ್ಷ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಆಯ್ಕೆಯಾದವರು ಎರಡು ತಿಂಗಳು ದೊಡ್ಡ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಬಹುದು. ಅರ್ಜಿಯಲ್ಲಿ ನೀವು ಏನು ಮಾಡಬಯಸುತ್ತೀರಿ ಎಂಬ ಕಿರುಟಿಪ್ಪಣಿ ಬೇಕು, ಅಧ್ಯಾಪಕರ ಶಿಫಾರಸು ಬೇಕು. ನೂರಿಪ್ಪತ್ತು ಜನರ ತರಗತಿಯಲ್ಲಿ ಅಧ್ಯಾಪಕರು ನಿಮ್ಮ ಅಂಕಪಟ್ಟಿ ನೋಡಿ ನಾಲ್ಕು ಸಾಲು ಬರೆದಾರು. ಹದಿನಾಲ್ಕು ಜನರ ತರಗತಿಯಲ್ಲಿ, ಹೆಂಟೆಯನ್ನು ಬುತ್ತಿಯಲ್ಲಿ ತಂದವಳ ಬಗ್ಗೆ, ನಾನು ಒಂದು ಪುಟ ಬರೆದೆ. ಹತ್ತಿರದಲ್ಲಿಯೂ ಬಾಗಿಲುಗಳಿವೆ: ಕೊಣಾಜೆಯಲ್ಲಿರುವ ಮಂಗಳೂರು ವಿಶ್ವವಿದ್ಯಾಲಯದ ವಿಭಾಗಗಳು, ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು. ಪತ್ರ ಬರೆದು, ಸಮಯ ಕೇಳಿ, ಹೋಗಿ ನೋಡಿ ಬನ್ನಿ.

ಭಾಷಣದ ನಂತರ ಒಬ್ಬ ವಿದ್ಯಾರ್ಥಿ ಎದ್ದು, ‘ಸರ್, ನಮ್ಮ ಊರಿನ ಪದವಿನಲ್ಲಿ ಅರ್ಧ ಕಲ್ಲಿನ ಕೋರೆ ಆಗಿದೆ, ಉಳಿದದ್ದಕ್ಕೆ ಲೇಔಟಿನ ಕಲ್ಲು ಹಾಕಿದ್ದಾರೆ, ಅಲ್ಲಿ ನೋಡಿ ಪ್ರಯೋಜನವೇನು?’ ಎಂದು ಕೇಳಿದ. ಕೋರೆಯ ಅಂಚಿನಲ್ಲಿ, ಲೇಔಟಿನ ಕಲ್ಲುಗಳ ನಡುವೆ ಈ ಮಳೆಯಲ್ಲಿ ಏನೇನಿದೆ ಎಂದು ಮೊದಲು ಬರೆದಿಡು ಎಂದೆ. ಮುಂದಿನ ಮಳೆಗೆ ಹೋಲಿಸಿ ನೋಡಲು ಬೇರೆ ಯಾರ ಬಳಿಯೂ ಅದು ಇರುವುದಿಲ್ಲ. ಮತ್ತೊಬ್ಬಳು, ಮೈಕ್ರೋಸ್ಕೋಪು ಮನೆಯಲ್ಲಿ ಇಲ್ಲದವರು ಏನನ್ನು ಕೊಳ್ಳಬೇಕೆಂದು ಕೇಳಿದಳು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮಡಚಿ ಕಿಸೆಯಲ್ಲಿ ಇಡಬಹುದಾದ ಮಸೂರವೊಂದು ಸಾಕು. ಒಂದು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ, ಇಲ್ಲದಿದ್ದರೆ ಹುಲ್ಲಿನಲ್ಲಿ ಬಿದ್ದು ಹೋಗುತ್ತದೆ. ಪತ್ತೇದಾರಿ ಸಿನೆಮಾಗಳಲ್ಲಿ ತೋರಿಸುವಂತೆ ಕೈಚಾಚಿ ಹಿಡಿಯಬೇಡಿ. ಮಸೂರವನ್ನು ರೆಪ್ಪೆಗೆ ತಗಲುವಷ್ಟು ಕಣ್ಣಿನ ಹತ್ತಿರ ಹಿಡಿದು, ಕೈ ಅಲುಗದಂತೆ ಹೆಬ್ಬೆರಳನ್ನು ಕೆನ್ನೆಗೆ ಊರಿ, ಇನ್ನೊಂದು ಕೈಯಿಂದ ಹೂವನ್ನು ನಿಧಾನವಾಗಿ ಹತ್ತಿರ ತನ್ನಿ. ಒಂದು ಅಂಗುಲ ದೂರದಲ್ಲಿ ಅದು ಸ್ಪಷ್ಟವಾಗುತ್ತದೆ. ಬೆಳಕು ಹೂವಿನ ಮೇಲೆ ಬೀಳಬೇಕು, ನಿಮ್ಮ ಟೊಪ್ಪಿಯ ಅಥವಾ ಕೊಡೆಯ ನೆರಳಲ್ಲ.